ದರ್ಜಿಯ ಮಗ ಫೂರಿಯೇ

ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ಅದರ ಒಂದು ಪಕ್ಕಕ್ಕೆ ಪೆನ್ಸಿಲಿನಿಂದ ಛಾಯೆ ತುಂಬುವ ಕೆಲಸ ನಮಗೆಲ್ಲ ಗೊತ್ತು. ಇಂತಹ ಅಸಮಾನತೆಗಳ ಲೆಕ್ಕಕ್ಕೆ ಒಂದು ಕ್ರಮವನ್ನು ಹುಡುಕಿದ ಮೊದಲಿಗರಲ್ಲಿ ಫ್ರಾನ್ಸ್ ದೇಶದ ಜೋಸೆಫ್ ಫೂರಿಯೇ ಒಬ್ಬನು. ಅವನ ಜೀವನ ನಾವು ವಿದ್ಯಾರ್ಥಿಗಳು ಅರಿಯಬೇಕಾದದ್ದು.

ಫೂರಿಯೇ 1768ರ ಮಾರ್ಚ್ 21ರಂದು ಓಸೇರ್ ಎಂಬ ಊರಿನಲ್ಲಿ ದರ್ಜಿಯೊಬ್ಬನ ಮಗನಾಗಿ ಹುಟ್ಟಿದನು. ಹತ್ತು ವರ್ಷದ ಹೊತ್ತಿಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಅನಾಥನಾದನು. ಊರಿನ ಸೈನಿಕ ಶಾಲೆಯಲ್ಲಿ ಓದುವಾಗ ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟು, ರಾತ್ರಿ ಅವುಗಳ ಬೆಳಕಿನಲ್ಲಿ ಗಣಿತ ಅಭ್ಯಾಸ ಮಾಡುತ್ತಿದ್ದನೆಂದು ಹೇಳುತ್ತಾರೆ. ಸೈನ್ಯದ ಫಿರಂಗಿ ದಳ ಸೇರಬಯಸಿದಾಗ, ಕುಲೀನ ಮನೆತನದವನಲ್ಲವೆಂದು ಅವನನ್ನು ದೂರವಿಟ್ಟರು. ಕ್ರಾಂತಿಯ ದಿನಗಳಲ್ಲಿ, 1794ರಲ್ಲಿ, ಸೆರೆಮನೆಯನ್ನೂ ಕಂಡನು. ಬಿಡುಗಡೆಯಾದ ಮೇಲೆ ಪ್ಯಾರಿಸಿನಲ್ಲಿ ಅಧ್ಯಾಪಕನಾದನು. 1798ರಲ್ಲಿ ನೆಪೋಲಿಯನನ ಜೊತೆ ಈಜಿಪ್ಟಿಗೆ ಹೋದನು. 1802ರಿಂದ ಗ್ರೆನೋಬ್ಲ್ ಸೀಮೆಯ ಆಡಳಿತಾಧಿಕಾರಿಯಾಗಿ, ಜವುಗು ನೆಲದ ನೀರು ಹೊರಹರಿಸಿ ಜನರಿಗೆ ಉಪಕಾರ ಮಾಡಿದನು. ಅಲ್ಲಿಯೇ ಶಾಖವು ಹರಡುವ ರೀತಿಯನ್ನು ಕುರಿತು ಆಳವಾಗಿ ಚಿಂತಿಸಿ, 1807ರಲ್ಲಿ ಪ್ರಬಂಧ ಬರೆದನು. ಹಿರಿಯ ಗಣಿತಜ್ಞರು ಆಕ್ಷೇಪ ಎತ್ತಿದರು. ಅವನು ಎದೆಗುಂದಲಿಲ್ಲ. ಹದಿನೈದು ವರ್ಷಗಳ ನಂತರ, 1822ರಲ್ಲಿ, ಅದೇ ವಿಷಯ ದೊಡ್ಡ ಗ್ರಂಥವಾಗಿ ಹೊರಬಂದು ಅವನಿಗೆ ಅಳಿಯದ ಕೀರ್ತಿ ತಂದಿತು.

ಇಳಿವಯಸ್ಸಿನಲ್ಲಿ ಅವನ ಮನಸ್ಸು ಅಸಮಾನತೆಗಳತ್ತ ತಿರುಗಿತು. 1826ರಲ್ಲಿ ಅವುಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದನು. ಇದೇನೆಂದು ತಿಳಿಯಲು ದರ್ಜಿಯ ಅಂಗಡಿಯ ಉದಾಹರಣೆಯನ್ನೇ ನೋಡೋಣ. ಅಂಗಡಿಯಲ್ಲಿ 12 ಮೀಟರು ಬಟ್ಟೆಯಿದೆ. ಒಂದು ಅಂಗಿಗೆ 2 ಮೀಟರು, ಒಂದು ಜುಬ್ಬಕ್ಕೆ 3 ಮೀಟರು ಬೇಕು. ಅಂಗಿಗಳ ಸಂಖ್ಯೆ ಕ್ಷ, ಜುಬ್ಬಗಳ ಸಂಖ್ಯೆ ಯ ಆದರೆ, 2ಕ್ಷ + 3ಯ ≤ 12. ಮೊದಲು 2ಕ್ಷ + 3ಯ = 12 ಎಂಬ ಗೆರೆ ಎಳೆಯಬೇಕು. ಅದು ಅಡ್ಡ ಅಕ್ಷವನ್ನು 6ರಲ್ಲಿ, ನೆಟ್ಟ ಅಕ್ಷವನ್ನು 4ರಲ್ಲಿ ಮುಟ್ಟುತ್ತದೆ. ಇನ್ನು ಯಾವ ಪಕ್ಕ? ಮೂಲಬಿಂದುವನ್ನು ಪರೀಕ್ಷಿಸಿದರೆ 0 ≤ 12, ಸರಿ. ಆದ್ದರಿಂದ ಮೂಲಬಿಂದುವಿರುವ ಪಕ್ಕಕ್ಕೆ ಛಾಯೆ. ಸಮ ಚಿಹ್ನೆಯೂ ಸೇರಿರುವುದರಿಂದ ಗೆರೆ ತುಂಡಾಗಿರದೆ ಪೂರ್ಣವಾಗಿರಬೇಕು. ಬಟ್ಟೆಗಳ ಸಂಖ್ಯೆ ಸೊನ್ನೆಗಿಂತ ಕಡಿಮೆ ಇರಲಾರದು. ಹಾಗಾಗಿ ಉಳಿಯುವುದು ಒಂದು ತ್ರಿಕೋನ. ಅದರೊಳಗೂ ಅಂಚಿನಲ್ಲೂ ಇರುವ ಪೂರ್ಣಾಂಕಗಳ ಬಿಂದುಗಳೆಲ್ಲ ಉತ್ತರಗಳೇ. 3 ಅಂಗಿ, 2 ಜುಬ್ಬ ಆಗುತ್ತದೆ. 4 ಅಂಗಿ, 2 ಜುಬ್ಬಕ್ಕೆ ಬಟ್ಟೆ ಸಾಲದು.

ಇಂತಹ ಹಲವು ಅಸಮಾನತೆಗಳು ಕೂಡಿದಾಗ ಎಲ್ಲಕ್ಕೂ ಒಪ್ಪುವ ಜಾಗವೇ ಉತ್ತರವೆಂಬುದನ್ನು ಫೂರಿಯೇ ಚೆನ್ನಾಗಿ ಅರಿತಿದ್ದನು. ಆ ಕಾಲದಲ್ಲಿ ಇದಕ್ಕೆ ಹೆಚ್ಚು ಗಮನ ಸಿಗಲಿಲ್ಲ. 1830ರ ಮೇ 16ರಂದು ಅವನು ಪ್ಯಾರಿಸಿನಲ್ಲಿ ತೀರಿಕೊಂಡನು. ನೂರಕ್ಕೂ ಹೆಚ್ಚು ವರ್ಷ ಕಳೆದು, 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಇಂತಹ ಲೆಕ್ಕಗಳನ್ನು ಬಿಡಿಸುವ ಸುಲಭ ವಿಧಾನ ಕಂಡುಹಿಡಿದ ಮೇಲೆ, ಕಾರ್ಖಾನೆ, ಸಾರಿಗೆಗಳ ಯೋಜನೆಗಳಿಗೆ ಅವು ಆಧಾರವಾದವು.

ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚಿದರೂ, ಫಲ ಕಾಣುವ ಮೊದಲೇ ಕಣ್ಣು ಮುಚ್ಚಿದರೂ ಅವನ ದುಡಿಮೆ ವ್ಯರ್ಥವಾಗಲಿಲ್ಲ. ಮುಂದಿನ ಸಲ ಗೆರೆ ಎಳೆದು ಛಾಯೆ ತುಂಬುವಾಗ ನಾವು ಆ ದರ್ಜಿಯ ಮಗನನ್ನು ನೆನೆಯೋಣ.