ಕೆ. ವಿ. ಅಯ್ಯರ್

ಕೋಲಾರದ ವೆಂಕಟೇಶ ಅಯ್ಯರ್ (ನಿಧನ: 1980) ಕರ್ನಾಟಕದಲ್ಲಿ ಆಧುನಿಕ ಅಂಗಸಾಧನೆಗೆ ತಳಹದಿ ಹಾಕಿದ ವ್ಯಾಯಾಮಾಚಾರ್ಯರು ಮತ್ತು ಕನ್ನಡದ ಕಾದಂಬರಿಕಾರರು. ಕೆ. ವಿ. ಅಯ್ಯರ್ ಎಂಬ ಹೆಸರಿನಿಂದಲೇ ಪ್ರಸಿದ್ಧರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ಎಂಬ ವ್ಯಾಯಾಮಶಾಲೆಯನ್ನು ಸ್ಥಾಪಿಸಿ, ಪಾಶ್ಚಾತ್ಯರ ಭಾರ ಎತ್ತುವ ಪದ್ಧತಿಯನ್ನು ಹಠಯೋಗದ ಆಸನಗಳೊಡನೆಯೂ ಸೂರ್ಯನಮಸ್ಕಾರದೊಡನೆಯೂ ಸೇರಿಸಿ ಕಲಿಸಿದರು. ಬಲಸಾಧನೆಯು ಜಟ್ಟಿಗಳ ಮತ್ತು ಪೈಲ್ವಾನರ ವಿದ್ಯೆ ಮಾತ್ರವಲ್ಲ, ಗುಮಾಸ್ತ, ವಿದ್ಯಾರ್ಥಿ, ರೋಗಿ ಮೊದಲಾದ ಸಾಮಾನ್ಯರೆಲ್ಲರಿಗೂ ಬೇಕಾದದ್ದು ಎಂಬುದು ಇವರ ಕೆಲಸದ ತಿರುಳಾಗಿತ್ತು. ಸಾಹಿತ್ಯಾಸಕ್ತರಿಗೆ ಇವರು 'ರೂಪದರ್ಶಿ' ಮತ್ತು 'ಶಾಂತಲಾ' ಕಾದಂಬರಿಗಳ ಕರ್ತೃವಾಗಿ ಪರಿಚಿತರು.

ಹಿನ್ನೆಲೆ

ಅಯ್ಯರ್ ಅವರು ಹುಟ್ಟಿದ್ದು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಕೋಲಾರ ಸೀಮೆಯ ಕುಟುಂಬವೊಂದರಲ್ಲಿ. ಅವರು ಬೆಳೆದ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ದೇಹಬಲದ ಸಾಧನೆ ಎಂದರೆ ಗರಡಿ ಮನೆ. ಕೆಮ್ಮಣ್ಣಿನ ಮಟ್ಟಿ, ದಂಡೆ, ಬಸ್ಕಿ, ಗದೆ, ಕಲ್ಲುಗುಂಡು ಇವೇ ಅಲ್ಲಿನ ಸಾಧನಗಳು. ಉಸ್ತಾದರ ಕೈಕೆಳಗೆ ವರ್ಷಗಟ್ಟಲೆ ಪಳಗಿದವನು ದಸರೆಯ ಕುಸ್ತಿಗೋ ಊರಹಬ್ಬದ ಕುಸ್ತಿಗೋ ಇಳಿಯುತ್ತಿದ್ದನು. ಅರಮನೆಯ ಆಶ್ರಯದಲ್ಲಿದ್ದ ಜಟ್ಟಿಗಳಿಗೆ ಇದು ಕುಲವಿದ್ಯೆಯೂ ಆಗಿತ್ತು. ಓದುಬರಹ ಕಲಿತು ಕಛೇರಿ ಸೇರುವ ಮನೆತನಗಳ ಮಕ್ಕಳಿಗೂ ಗರಡಿಗೂ ನಂಟು ಕಡಿಮೆ.

ಇದೇ ಕಾಲದಲ್ಲಿ ಯೂರೋಪಿನಿಂದ ಬೇರೊಂದು ಬಗೆಯ ಅಂಗಸಾಧನೆ ಭಾರತಕ್ಕೆ ಬಂದಿತು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರಾದ ಯೂಜಿನ್ ಸ್ಯಾಂಡೋ (1867–1925) 20ನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಪ್ರದರ್ಶನಗಳನ್ನು ನೀಡಿದ್ದನು. ಅವನ ಪುಸ್ತಕಗಳೂ ಡಂಬೆಲ್‌ಗಳೂ ನಗರಗಳ ಯುವಕರ ಕೈಗೆ ಸಿಕ್ಕವು. ತೆಲುಗು ನಾಡಿನ ಕೋಡಿ ರಾಮಮೂರ್ತಿ ನಾಯುಡು (1882–1942) ಅವರ ಬಲಪ್ರದರ್ಶನಗಳು ದಕ್ಷಿಣ ಭಾರತದಲ್ಲಿ ಮನೆಮಾತಾಗಿದ್ದವು. ಭಾರತೀಯರು ದುರ್ಬಲರು ಎಂಬ ವಸಾಹತುಶಾಹಿಯ ನಿಂದೆಗೆ ದೇಹವನ್ನು ಕಟ್ಟಿಯೇ ಉತ್ತರ ಕೊಡಬೇಕೆಂಬ ಭಾವನೆಯೂ ಆಗ ದೇಶದಲ್ಲೆಲ್ಲ ಹರಡಿತ್ತು. ಅಯ್ಯರ್ ಅವರ ಸಾಧನೆ ಮೊಳೆತದ್ದು ಈ ವಾತಾವರಣದಲ್ಲಿ.

ಹರ್ಕ್ಯುಲಿಸ್ ಜಿಮ್ನೇಸಿಯಂ

1920ರ ದಶಕದಲ್ಲಿ ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ಅನ್ನು ಆರಂಭಿಸಿದರು. ಸಣ್ಣ ಪ್ರಮಾಣದಲ್ಲಿ ಮೊದಲಾದ ಈ ಶಾಲೆ ಮುಂದೆ ಜಯಚಾಮರಾಜೇಂದ್ರ ರಸ್ತೆಯಲ್ಲಿ 'ವ್ಯಾಯಾಮಶಾಲೆ' ಎಂಬ ಹೆಸರಿನಲ್ಲಿ ನೆಲೆಗೊಂಡಿತು. ಅಯ್ಯರ್ ಅವರ ಸ್ವಂತ ಶರೀರವೇ ಆ ಶಾಲೆಯ ಮೊದಲ ಜಾಹೀರಾತು. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ತೆಗೆಸಿಕೊಂಡ ಅವರ ಛಾಯಾಚಿತ್ರಗಳು ವಿದೇಶದ ಅಂಗಸಾಧನೆಯ ಪತ್ರಿಕೆಗಳಲ್ಲಿಯೂ ಪ್ರಕಟವಾದವು.

ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರ್ (1884–1940) ಅವರು ಅಯ್ಯರ್ ಅವರಿಗೆ ಪ್ರೋತ್ಸಾಹ ನೀಡಿದರು. ಅರಸರ ಆರೋಗ್ಯ ಕೆಟ್ಟಾಗ ಅಯ್ಯರ್ ಅವರು ವ್ಯಾಯಾಮ ಮತ್ತು ಅಂಗಮರ್ದನದ ಮೂಲಕ ಉಪಚರಿಸಿದರು. ಶಾಲೆಗೆ ಸ್ವಂತ ಕಟ್ಟಡ ಒದಗುವಲ್ಲಿ ಅರಸರ ನೆರವಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ತಿರುಮಲೆ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿದ್ದಾಗ, ಅದರ ಸಮೀಪದಲ್ಲಿಯೇ ಅಯ್ಯರ್ ಅವರ ಶಿಷ್ಯರೊಬ್ಬರು ಅಂಗಸಾಧನೆಯ ತರಗತಿಗಳನ್ನು ನಡೆಸುತ್ತಿದ್ದರು. ಆಧುನಿಕ ಯೋಗದ ಇತಿಹಾಸವನ್ನು ಬರೆದ ಮಾರ್ಕ್ ಸಿಂಗಲ್ಟನ್, ಎಲಿಯಟ್ ಗೋಲ್ಡ್‌ಬರ್ಗ್ ಮೊದಲಾದ ವಿದ್ವಾಂಸರು ಈ ಕಾರಣದಿಂದಲೇ ಅಯ್ಯರ್ ಅವರನ್ನು ವಿಶೇಷವಾಗಿ ಚರ್ಚಿಸಿದ್ದಾರೆ. ಇಂದು ಬೇರೆಬೇರೆಯಾಗಿ ಕಾಣುವ ಯೋಗ ಮತ್ತು ಅಂಗಸಾಧನೆ ಆ ದಿನಗಳ ಮೈಸೂರು ಸಂಸ್ಥಾನದಲ್ಲಿ ನೆರೆಹೊರೆಯವಾಗಿದ್ದವು.

ವ್ಯಾಯಾಮ ಪದ್ಧತಿ

ಅಯ್ಯರ್ ಅವರ ಪದ್ಧತಿಗೆ ಎರಡು ಮುಖಗಳಿದ್ದವು. ಬಾರ್‌ಬೆಲ್, ಡಂಬೆಲ್, ಉಕ್ಕಿನ ಸ್ಪ್ರಿಂಗ್ ಮುಂತಾದವುಗಳಿಂದ ಮಾಂಸಖಂಡಗಳನ್ನು ಬೆಳೆಸುವುದು ಒಂದು. ಆಸನಗಳಿಂದಲೂ ಉಸಿರಾಟದ ಅಭ್ಯಾಸದಿಂದಲೂ ಜೀರ್ಣಾಂಗ, ಶ್ವಾಸಕೋಶ ಮುಂತಾದ ಒಳ ಅಂಗಗಳನ್ನು ಸುಸ್ಥಿತಿಯಲ್ಲಿಡುವುದು ಇನ್ನೊಂದು. ಹೊರಗಿನ ಅಂದ, ಒಳಗಿನ ಆರೋಗ್ಯ ಇವೆರಡರಲ್ಲಿ ಒಂದನ್ನು ಬಿಟ್ಟರೂ ಸಾಧನೆ ಅಪೂರ್ಣವೆಂದು ಅವರು ಭಾವಿಸಿದ್ದರು.

ಭಾರ ಎತ್ತುವ ಸಾಧನೆಯ ಮೂಲತತ್ತ್ವ ಸರಳವಾದದ್ದು. ಮಾಂಸಖಂಡವು ತನಗೆ ರೂಢಿಯಾದ ಹೊರೆಗಿಂತ ಸ್ವಲ್ಪ ಹೆಚ್ಚಿನ ಹೊರೆಯನ್ನು ಹೊತ್ತಾಗ ಅದಕ್ಕೆ ತಕ್ಕಂತೆ ಬಲಗೊಳ್ಳುತ್ತದೆ. ವಿಶ್ರಾಂತಿಯ ಬಳಿಕ ಹೊರೆಯನ್ನು ಮತ್ತೆ ಸ್ವಲ್ಪ ಏರಿಸಬಹುದು. ಗರಡಿಯ ಕಲ್ಲುಗುಂಡಿಗೆ ಒಂದೇ ತೂಕ. ಎತ್ತಿದರೆ ಎತ್ತಿದಂತೆ, ಇಲ್ಲದಿದ್ದರೆ ಇಲ್ಲ. ಬಾರ್‌ಬೆಲ್‌ನಲ್ಲಾದರೋ ತಟ್ಟೆಗಳನ್ನು ಒಂದೊಂದಾಗಿ ಸೇರಿಸಬಹುದಾದ್ದರಿಂದ ದುರ್ಬಲರೂ ತಮ್ಮ ಅಳವಿನಿಂದಲೇ ಆರಂಭಿಸಬಹುದು. ಸಾಧಕನು ನೆರೆಯವನೊಡನೆ ಹೋಲಿಸಿಕೊಳ್ಳದೆ ತನ್ನ ಕಳೆದ ತಿಂಗಳ ಅಳತೆಯೊಡನೆ ಹೋಲಿಸಿಕೊಳ್ಳಬಹುದು.

ಯೋಗಾಚಾರ್ಯ ಎಸ್. ಸುಂದರಂ ಅವರು ಅಯ್ಯರ್ ಅವರ ನಿಕಟವರ್ತಿಯಾಗಿದ್ದರು. 1920ರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ಪ್ರಕಟವಾದ ಸುಂದರಂ ಅವರ 'ಯೋಗಿಕ್ ಫಿಸಿಕಲ್ ಕಲ್ಚರ್' ಆಸನಗಳನ್ನು ಛಾಯಾಚಿತ್ರಗಳೊಡನೆ ಜನಸಾಮಾನ್ಯರಿಗೆ ವಿವರಿಸಿದ ಮೊದಲ ಪುಸ್ತಕಗಳಲ್ಲಿ ಒಂದು. ಇಬ್ಬರೂ ಜೊತೆಯಾಗಿ ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆಗಳನ್ನು ನಡೆಸಿದರು.

ಅಂಚೆಯ ಮೂಲಕ ಶಿಕ್ಷಣ

ಬೆಂಗಳೂರಿಗೆ ಬರಲಾಗದವರಿಗಾಗಿ ಅಯ್ಯರ್ ಅವರು ಅಂಚೆಯ ಮೂಲಕ ವ್ಯಾಯಾಮ ಶಿಕ್ಷಣವನ್ನು ಏರ್ಪಡಿಸಿದರು. ಶಿಷ್ಯನ ವಯಸ್ಸು, ಅಳತೆ, ಆರೋಗ್ಯದ ವಿವರಗಳನ್ನು ಪಡೆದು ಅವನಿಗೆ ಹೊಂದುವ ಪಾಠಗಳನ್ನೂ ಚಿತ್ರಪಟಗಳನ್ನೂ ಕಳುಹಿಸುವ ಕ್ರಮವಿದು. ಅಮೆರಿಕದಲ್ಲಿ ಚಾರ್ಲ್ಸ್ ಅಟ್ಲಾಸ್ ಇಂತಹುದೇ ಅಂಚೆ ಪಾಠಗಳಿಂದ ಹೆಸರಾಗಿದ್ದ ಕಾಲದಲ್ಲಿ, ಭಾರತದ ಊರೂರುಗಳಿಂದ ಬೆಂಗಳೂರಿಗೆ ಪತ್ರಗಳು ಬಂದವು. ಮನೆಯ ಕೋಣೆಯಲ್ಲಿಯೇ, ಯಾರ ಕಣ್ಣಿಗೂ ಬೀಳದೆ, ಶರೀರವನ್ನು ಕಟ್ಟಿಕೊಳ್ಳಬಹುದೆಂಬುದು ಆಗ ಹೊಸ ವಿಚಾರವಾಗಿತ್ತು.

ಅಯ್ಯರ್ ಅವರ ಶಿಷ್ಯರಲ್ಲಿ ಮುಂಬಯಿಯ ರಮೇಶ ಬಾಳ್ಸೇಕರ್ (1917–2009) ಪ್ರಮುಖರು. 1930ರ ದಶಕದಲ್ಲಿ ಅವರು ದೇಹಸೌಷ್ಠವಕ್ಕಾಗಿ ಪ್ರಸಿದ್ಧರಾದರು. ಮುಂದೆ ಬ್ಯಾಂಕ್ ಆಫ್ ಇಂಡಿಯಾದ ಉನ್ನತ ಹುದ್ದೆಗೆ ಏರಿ, ನಿವೃತ್ತಿಯ ಬಳಿಕ ಅದ್ವೈತದ ಬೋಧಕರಾಗಿ ಅಂತಾರಾಷ್ಟ್ರೀಯ ಖ್ಯಾತಿ ಗಳಿಸಿದರು.

ಸೂರ್ಯನಮಸ್ಕಾರ

ಸೂರ್ಯನಮಸ್ಕಾರವನ್ನು ಆಧುನಿಕ ವ್ಯಾಯಾಮವಾಗಿ ಪ್ರಚಾರಕ್ಕೆ ತಂದವರು ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ್ ಪ್ರತಿನಿಧಿ (1868–1951). ಅಯ್ಯರ್ ಅವರು ಇದನ್ನು ತಮ್ಮ ಪದ್ಧತಿಯ ಅಂಗವಾಗಿ ಸ್ವೀಕರಿಸಿ 1937ರಲ್ಲಿ 'ಸೂರ್ಯ ನಮಸ್ಕಾರ್' ಎಂಬ ಇಂಗ್ಲಿಷ್ ಪುಸ್ತಕವನ್ನು ಹೊರತಂದರು. ಔಂಧ್ ಅರಸರ ಪ್ರಚಾರದಲ್ಲಿ ಒಂದು ವಿಶೇಷವಿತ್ತು: ಅದು ಹೆಂಗಸರನ್ನೂ ಉದ್ದೇಶಿಸಿತ್ತು. ಅವರ ಕುಟುಂಬದ ಸ್ತ್ರೀಯರೂ ಸಂಸ್ಥಾನದ ಶಾಲೆಗಳ ಹೆಣ್ಣುಮಕ್ಕಳೂ ನಿತ್ಯ ನಮಸ್ಕಾರಗಳನ್ನು ಮಾಡುತ್ತಿದ್ದರು. 1938ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಅವರ ಪುಸ್ತಕವನ್ನು ಸಂಪಾದಿಸಿದವರು ಲೂಯಿಸ್ ಮಾರ್ಗನ್ ಎಂಬ ಪತ್ರಕರ್ತೆ.

ಮಹಿಳೆಯರ ಬಲಸಾಧನೆಯ ಸಂದರ್ಭ

ಅಯ್ಯರ್ ಅವರ ಕಾಲದ ವ್ಯಾಯಾಮ ಚಳವಳಿ ಬಹುಮಟ್ಟಿಗೆ ಗಂಡಸರ ಚಳವಳಿ. ಗರಡಿಯ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ಬಲ ಬೇಡುವ ಕೆಲಸವೇನೂ ಅವರಿಗೆ ಹೊಸದಾಗಿರಲಿಲ್ಲ. ಒನಕೆಯಿಂದ ಭತ್ತ ಕುಟ್ಟುವುದು, ಬೀಸುಕಲ್ಲು ತಿರುಗಿಸುವುದು, ತುಂಬಿದ ಬಿಂದಿಗೆಗಳನ್ನು ಹೊತ್ತು ತರುವುದು, ಹುಲ್ಲಿನ ಹೊರೆ ಹೊರುವುದು ಅವರ ದಿನಚರಿಯಾಗಿತ್ತು. ಆದರೆ ದುಡಿಮೆಗೂ ಸಾಧನೆಗೂ ವ್ಯತ್ಯಾಸವಿದೆ. ದುಡಿಮೆಯಲ್ಲಿ ಹೊರೆಯನ್ನು ನಿರ್ಧರಿಸುವುದು ಮನೆಯ ಅಗತ್ಯ; ವಿಶ್ರಾಂತಿಗೂ ಆಹಾರಕ್ಕೂ ಲೆಕ್ಕವಿರುವುದಿಲ್ಲ. ಸಾಧನೆಯಲ್ಲಿ ಹೊರೆ, ವಿರಾಮ, ಏರಿಕೆ ಎಲ್ಲವನ್ನೂ ಸಾಧಕಿಯೇ ನಿರ್ಧರಿಸುತ್ತಾಳೆ. ಬಲಸಾಧನೆ ಮಹಿಳೆಯರಿಗೆ ಪ್ರಿಯವಾಗಲು ಇದು ಮುಖ್ಯ ಕಾರಣಗಳಲ್ಲಿ ಒಂದು.

ಭಾರ ಎತ್ತಿದರೆ ಹೆಂಗಸಿನ ಶರೀರ ಗಂಡಸಿನಂತಾಗುತ್ತದೆ ಎಂಬ ನಂಬಿಕೆ ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಬಲವಾಗಿತ್ತು. ಅಯ್ಯರ್ ಅವರ ಸಮಕಾಲೀನಳಾದ ಅಮೆರಿಕದ ಆಬಿ ಸ್ಟಾಕ್ಟನ್ (1917–2006) ಈ ನಂಬಿಕೆಯನ್ನು ಅಲುಗಾಡಿಸಿದಳು. ದೂರವಾಣಿ ಕಛೇರಿಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಆಕೆ ಡಂಬೆಲ್‌ಗಳಿಂದ ಆರಂಭಿಸಿ, ಕ್ಯಾಲಿಫೋರ್ನಿಯಾದ ಕಡಲತೀರದ ಪ್ರದರ್ಶನಗಳಿಂದ ಹೆಸರಾದಳು. 1944ರಿಂದ ಸುಮಾರು ಹತ್ತು ವರ್ಷ ಅಂಗಸಾಧನೆಯ ಪತ್ರಿಕೆಯೊಂದರಲ್ಲಿ ಮಹಿಳೆಯರಿಗಾಗಿ ಅಂಕಣ ಬರೆದಳು. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಅಧಿಕೃತ ಭಾರ ಎತ್ತುವ ಸ್ಪರ್ಧೆ ನಡೆಯಲು ಕಾರಣಳಾದಳು.

ಮಾಂಸಖಂಡಗಳನ್ನು ಬಹಳವಾಗಿ ಉಬ್ಬಿಸುವ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಮಹಿಳೆಯರಲ್ಲಿ ಪುರುಷರಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿದೆ ಎಂಬುದನ್ನು ಶರೀರವಿಜ್ಞಾನ ಸ್ಪಷ್ಟಪಡಿಸಿದೆ. ಭಾರದ ವ್ಯಾಯಾಮದಿಂದ ಮೂಳೆಗಳ ಸಾಂದ್ರತೆ ಉಳಿಯುತ್ತದೆ. ಮುಟ್ಟು ನಿಂತ ಬಳಿಕ ಮೂಳೆಗಳು ಸವೆಯುವ ಅಪಾಯ ಹೆಚ್ಚುವುದರಿಂದ ಇದು ಮಹಿಳೆಯರಿಗೆ ಹೆಚ್ಚು ಪ್ರಯೋಜನಕಾರಿ. ಮಹಿಳೆಯರ ಮೊದಲ ವಿಶ್ವ ಭಾರ ಎತ್ತುವ ಚಾಂಪಿಯನ್‌ಷಿಪ್ ನಡೆದದ್ದು 1987ರಲ್ಲಿ. ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆಗೆ ಸ್ಥಾನ ದೊರೆತದ್ದು 2000ದ ಸಿಡ್ನಿ ಕ್ರೀಡಾಕೂಟದಲ್ಲಿ. ಅಲ್ಲಿ 69 ಕಿ.ಗ್ರಾಂ. ವಿಭಾಗದಲ್ಲಿ ಒಟ್ಟು 240 ಕಿ.ಗ್ರಾಂ. ಎತ್ತಿ ಕಂಚಿನ ಪದಕ ಪಡೆದ ಆಂಧ್ರದ ಕರ್ಣಂ ಮಲ್ಲೇಶ್ವರಿ, ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. ಬಲಸಾಧನೆಯು ಹುಟ್ಟಿನಿಂದ ಬಲಿಷ್ಠರಾದವರ ಸೊತ್ತಲ್ಲ ಎಂದು ಅಯ್ಯರ್ ಅವರಂಥ ಶಿಕ್ಷಕರು ಹಾಕಿಕೊಟ್ಟ ದಾರಿ, ಅವರ ಕಾಲದ ಮೇರೆಗಳನ್ನು ದಾಟಿ ಮುಂದೆ ಸಾಗಿತು.

ರಂಗಭೂಮಿಯ ನಂಟು

ಕನ್ನಡದ ಪ್ರಹಸನಗಳ ಪಿತಾಮಹರೆನಿಸಿದ ಟಿ. ಪಿ. ಕೈಲಾಸಂ (1884–1946) ಅವರು ಅಯ್ಯರ್ ಅವರ ಆಪ್ತರಾಗಿದ್ದರು. ನಾಟಕಗಳನ್ನು ಬಾಯಲ್ಲಿ ಹೇಳಿ ಬರೆಸುವುದೇ ರೂಢಿಯಾಗಿದ್ದ, ಒಂದೆಡೆ ನೆಲೆನಿಲ್ಲದ ಕೈಲಾಸಂ ಅವರಿಗೆ ಅಯ್ಯರ್ ಅವರ ವ್ಯಾಯಾಮಶಾಲೆ ಒಂದು ತಂಗುದಾಣವಾಗಿತ್ತು. ಈ ಒಡನಾಟದ ನೆನಪುಗಳನ್ನು ಅಯ್ಯರ್ ಅವರು 'ಕೈಲಾಸಂ ಸ್ಮರಣೆ'ಯಲ್ಲಿ ದಾಖಲಿಸಿದ್ದಾರೆ. ಶಾಲೆಯ ಬಳಗದಿಂದ ಮೂಡಿಬಂದ 'ರವಿ ಕಲಾವಿದರು' ಎಂಬ ಹವ್ಯಾಸಿ ತಂಡ ಬೆಂಗಳೂರಿನ ರಂಗಚಟುವಟಿಕೆಗಳಲ್ಲಿ ಪಾಲ್ಗೊಂಡಿತು.

ಸಾಹಿತ್ಯ

'ರೂಪದರ್ಶಿ'ಯ ಕಥೆ ನಡೆಯುವುದು ಇಟಲಿಯಲ್ಲಿ. ಬಾಲಯೇಸುವಿನ ಚಿತ್ರಕ್ಕಾಗಿ ಮೈಕೆಲೇಂಜೆಲೋ ಮುಗ್ಧ ಬಾಲಕನೊಬ್ಬನನ್ನು ರೂಪದರ್ಶಿಯಾಗಿ ಆರಿಸಿಕೊಳ್ಳುತ್ತಾನೆ. ಬಹುವರ್ಷಗಳ ಬಳಿಕ ಯೇಸುವಿಗೆ ದ್ರೋಹ ಬಗೆದ ಜುದಾಸನ ಚಿತ್ರಕ್ಕೆ ತಕ್ಕ ಕ್ರೂರ ಮುಖವನ್ನು ಅರಸಿ ಹೊರಟಾಗ ಅವನಿಗೆ ದೊರೆಯುವುದೂ ಅದೇ ಬಾಲಕ. ಮನುಷ್ಯನ ಬಾಳು ಅವನ ಮುಖದಲ್ಲಿಯೂ ಮೈಯಲ್ಲಿಯೂ ಅಚ್ಚೊತ್ತುತ್ತದೆ ಎಂಬ ಈ ವಸ್ತು, ಶರೀರವನ್ನೇ ಜೀವನವಿಡೀ ಅಭ್ಯಸಿಸಿದ ಲೇಖಕರಿಗೆ ಸಹಜವಾಗಿ ಒಪ್ಪುವಂಥದ್ದು.

'ಶಾಂತಲಾ' ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿಯನ್ನು ಕುರಿತ ಐತಿಹಾಸಿಕ ಕಾದಂಬರಿ. ಇದರ ನೆಲ ಇಂದಿನ ಹಾಸನ ಜಿಲ್ಲೆ. ಐತಿಹಾಸಿಕ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವವರು ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯಲ್ಲಿ ಹೆದ್ದಾರಿಯನ್ನು ಬಿಟ್ಟು ತಿರುಗಿದರೆ ಈ ಬಸದಿಯಿರುವ ಚಂದ್ರಗಿರಿ ಬೆಟ್ಟವನ್ನು ತಲುಪಬಹುದು. ಶಾಸನಗಳು ಶಾಂತಲೆಯ ರೂಪದ ಜೊತೆಗೆ ಗೀತ, ವಾದ್ಯ, ನೃತ್ಯಗಳಲ್ಲಿ ಅವಳಿಗಿದ್ದ ಪರಿಣತಿಯನ್ನೂ ಹೊಗಳುತ್ತವೆ. ವರ್ಷಗಳ ಅಭ್ಯಾಸದಿಂದ ಮೈಯನ್ನು ಪಳಗಿಸಿಕೊಂಡ ನರ್ತಕಿಯಾದ ಅರಸಿಯನ್ನು ವ್ಯಾಯಾಮಾಚಾರ್ಯರೊಬ್ಬರು ಕಾದಂಬರಿಯ ಕೇಂದ್ರದಲ್ಲಿಟ್ಟದ್ದು ಗಮನಾರ್ಹ.

ಕೃತಿಗಳು

ಕನ್ನಡ:
- ರೂಪದರ್ಶಿ (ಕಾದಂಬರಿ)
- ಶಾಂತಲಾ (ಕಾದಂಬರಿ)
- ಲೀನಾ (ಕಾದಂಬರಿ)
- ಕೈಲಾಸಂ ಸ್ಮರಣೆ (ನೆನಪುಗಳು)

ಇಂಗ್ಲಿಷ್:
- ಮಸಲ್ ಕಲ್ಟ್ (1930)
- ಪರ್ಫೆಕ್ಟ್ ಫಿಸೀಕ್ (1936)
- ಸೂರ್ಯ ನಮಸ್ಕಾರ್ (1937)

ನಿಧನ ಮತ್ತು ಪರಂಪರೆ

ಅಯ್ಯರ್ ಅವರು 1980ರಲ್ಲಿ ನಿಧನರಾದರು. ಇಂಗ್ಲಿಷ್ ವ್ಯಾಯಾಮ ಗ್ರಂಥಗಳು ಅವರಿಗೆ ಹೊರನಾಡಿನಲ್ಲಿ ಹೆಸರು ತಂದರೆ, ಕನ್ನಡದಲ್ಲಿ ಅವರ ಕಾದಂಬರಿಗಳು ಮರುಮುದ್ರಣಗಳ ಮೂಲಕ ಓದುಗರನ್ನು ಪಡೆಯುತ್ತಲೇ ಬಂದಿವೆ. ಆಸನವನ್ನೂ ಭಾರವನ್ನೂ ಒಂದೇ ಸೂರಿನಡಿ ಕಲಿಸುವ ಕ್ರಮ ಇಂದು ಕರ್ನಾಟಕದ ನಗರಗಳಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ಸಾಮಾನ್ಯವಾಗಿದೆ. ಗರಡಿಯ ಹೊಸ್ತಿಲು ದಾಟಲಾಗದಿದ್ದ ಹೆಣ್ಣುಮಕ್ಕಳು ಇಂತಹ ವ್ಯಾಯಾಮಶಾಲೆಗಳಲ್ಲಿ ಗಂಡಸರಷ್ಟೇ ಸಹಜವಾಗಿ ಬಾರ್‌ಬೆಲ್ ಎತ್ತುತ್ತಾರೆ.