ಯಂತ್ರಕ್ಕೆ ಮುಖ ಬರೆದ ಕಲಾವಿದ: ಬೋರಿಸ್ ಆರ್ಟ್ಸಿಬಾಷೆಫ್

ಇಪ್ಪತ್ತನೆಯ ಶತಮಾನದ ನಡುಭಾಗದ ಅಮೆರಿಕದಲ್ಲಿ ಉಕ್ಕು, ತಂತಿ, ಯಂತ್ರೋಪಕರಣಗಳನ್ನು ತಯಾರಿಸುವ ಕಂಪನಿಗಳು ಪತ್ರಿಕೆಗಳಲ್ಲಿ ಚಿತ್ರಮಯ ಜಾಹೀರಾತುಗಳನ್ನು ನೀಡುತ್ತಿದ್ದವು. ಸಾಮಾನ್ಯ ಓದುಗನು ಎಂದೂ ಕೊಳ್ಳದ ಈ ಸರಕುಗಳನ್ನು ಅವನ ಕಲ್ಪನೆಗೆ ನಿಲುಕುವಂತೆ ಮಾಡುವ ಹೊಣೆ ಚಿತ್ರಕಾರರದಾಗಿತ್ತು. ಅಂಥವರಲ್ಲಿ ಬೋರಿಸ್ ಆರ್ಟ್ಸಿಬಾಷೆಫ್ ಪ್ರಮುಖನು.

ಈತ 1899ರಲ್ಲಿ, ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಉಕ್ರೇನಿನಲ್ಲಿರುವ ಖಾರ್ಕಿವ್ ನಗರದಲ್ಲಿ ಜನಿಸಿದನು. ತಂದೆ ಮಿಖಾಯಿಲ್ 'ಸಾನಿನ್' ಕಾದಂಬರಿಯಿಂದ ಹೆಸರಾಗಿದ್ದ ಲೇಖಕ. ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ನೆಲೆ ತಪ್ಪಿದ ಬೋರಿಸ್ 1919ರಲ್ಲಿ ನ್ಯೂಯಾರ್ಕ್ ತಲುಪಿ, ಅಚ್ಚು ಕೆತ್ತುವ ಕಾರ್ಯಾಗಾರವೊಂದರಲ್ಲಿ ದುಡಿದನು. ಆನಂತರ ಪುಸ್ತಕಗಳಿಗೆ ಚಿತ್ರ ಬರೆಯತೊಡಗಿದನು. ಬಂಗಾಳದ ಧನ ಗೋಪಾಲ ಮುಖರ್ಜಿಯವರಿಗೆ 1928ರಲ್ಲಿ ನ್ಯೂಬೆರಿ ಪದಕ ತಂದ, ಪಾರಿವಾಳದ ಕಥೆಯಾದ 'ಗೇ-ನೆಕ್'ನ ಚಿತ್ರಗಳು ಈತನವೇ. 1941ರಿಂದ 'ಟೈಮ್' ಪತ್ರಿಕೆಗೆ ರಚಿಸಿದ ಮುಖಪುಟಗಳ ಸಂಖ್ಯೆ 200ನ್ನು ಮೀರುತ್ತದೆ.

ಅಚೇತನಕ್ಕೆ ಚೇತನವನ್ನು ಆರೋಪಿಸುವುದು ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸತಲ್ಲ. ಆರ್ಟ್ಸಿಬಾಷೆಫ್ ಅದನ್ನು ಕಾರ್ಖಾನೆಗೆ ತಂದನು. ಅವನ ಚಿತ್ರಗಳಲ್ಲಿ ಯಂತ್ರಗಳಿಗೆ ಕಣ್ಣು, ಬಾಯಿ, ಬೆರಳುಗಳಿವೆ. ಅವು ತಮ್ಮ ಕೆಲಸದಲ್ಲಿ ತಾವೇ ತಲ್ಲೀನವಾಗಿರುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಕ್‌ವೈರ್ ಸ್ಪೆನ್ಸರ್ ಉಕ್ಕಿನ ಕಂಪನಿಗಾಗಿ ರಚಿಸಿದ ಜಾಹೀರಾತುಗಳಲ್ಲಿ ಶತ್ರುಪಕ್ಷವು ಕಂಪನಿಯ ಸರಕುಗಳ ಹಿಡಿತಕ್ಕೆ ಸಿಕ್ಕಿ ನರಳುತ್ತದೆ. ಸರಕೇ ಇಲ್ಲಿ ಯೋಧ.

ಆದರೆ ಈ ಆರೋಪಕ್ಕೊಂದು ಬೆಲೆಯುಂಟು. ಯಂತ್ರಕ್ಕೆ ಕೈ ಮೂಡಿದಾಗ ಅದನ್ನು ನಡೆಸುವ ಕಾರ್ಮಿಕನ ಕೈ ಚಿತ್ರದಿಂದ ಮರೆಯಾಗುತ್ತದೆ. ಕಲಾವಿದನ ನಿಲುವು ಬೇರೆಯಾಗಿತ್ತು: ಚಾಟಿಯೇಟಿಗೆ ಬೆದರಿದ ಸಾವಿರ ಗುಲಾಮರು ಕಾಲುವೆ ತೋಡುವುದಕ್ಕಿಂತ ಯಂತ್ರವೊಂದು ತೋಡುವುದೇ ಲೇಸೆಂದು ಅವನು ಬಗೆದಿದ್ದನು. ಯಂತ್ರದ ಮೇಲಿನ ಅವನ ಪ್ರೀತಿಯ ಮೂಲ ದುಡಿಯುವವನ ಮೇಲಿನ ಕರುಣೆ. ಜಾಹೀರಾತು ಪ್ರೀತಿಯನ್ನಷ್ಟೇ ಬಳಸಿಕೊಂಡಿತು.

ಉಳಿದುದನ್ನು 1954ರ 'ಆ್ಯಸ್ ಐ ಸೀ' ಎಂಬ ಚಿತ್ರಸಂಪುಟದಲ್ಲಿ ಕಾಣಬಹುದು. ಅಲ್ಲಿ ಜೀವಂತ ಯಂತ್ರಗಳ ಜೊತೆಗೆ ಮನೋವ್ಯಾಧಿಯಿಂದ ಬಳಲುವ ಮನುಷ್ಯರೂ ಯುದ್ಧದ ಪೈಶಾಚಿಕ ರೂಪಗಳೂ ಇವೆ. ಯಂತ್ರ ಕೆಲಸದಲ್ಲಿ ಮುಳುಗಿದೆ, ಮನುಷ್ಯ ಕಂಗೆಟ್ಟಿದ್ದಾನೆ. ಒಂದೇ ಸಂಪುಟದಲ್ಲಿ ಇವು ಸೇರಿರುವುದು ಆಕಸ್ಮಿಕವಲ್ಲ.

1964ರಲ್ಲಿ ವಾಸ್ತುಚಿಂತಕ ಬಕ್‌ಮಿನ್‌ಸ್ಟರ್ ಫುಲ್ಲರನ ತಲೆಯನ್ನು ಅವನದೇ ಗೋಳಾಕಾರದ ಗುಮ್ಮಟದಂತೆ ಈತ ಚಿತ್ರಿಸಿದನು. ಮರುವರ್ಷವೇ ತೀರಿಕೊಂಡನು. ಆ ಚಿತ್ರ 2004ರಲ್ಲಿ ಅಮೆರಿಕದ ಅಂಚೆಚೀಟಿಯಾಯಿತು. ಯಂತ್ರವನ್ನು ಮನುಷ್ಯನಾಗಿಸಿದ ಕುಂಚ ಕೊನೆಗೆ ಮನುಷ್ಯನನ್ನೇ ರಚನೆಯಾಗಿಸಿತ್ತು. ಇವೆರಡರ ನಡುವಣ ಗೆರೆ ಎಷ್ಟು ತೆಳುವೆಂಬುದನ್ನು ಈತನ ಜಾಹೀರಾತುಗಳು ಸರಕು ಮಾರುತ್ತಲೇ ತೋರಿಸಿದವು.