ಸೆರೆಯ ಅಂಗಳದಲ್ಲಿ ಕ್ರಿಸ್ತಜಯಂತಿ: ಸಂತ ಜೋಸೆಫ್ ವಾಜ್‌ರ ಬದುಕು

ಡಿಸೆಂಬರ್ ತಿಂಗಳ ಇಳಿಹೊತ್ತಿನಲ್ಲಿ ರೋಣದಿಂದ ಗಜೇಂದ್ರಗಡದತ್ತ ಹೊರಟವರಿಗೆ ರಸ್ತೆಯ ಇಕ್ಕೆಲಗಳಲ್ಲಿ ಹಿಂಗಾರಿ ಜೋಳವೂ ಕಡಲೆಯೂ ಕಾಣುತ್ತವೆ. ನರಗುಂದದ ಎರೆ ಹೊಲಗಳಲ್ಲಿಯೂ ಇದೇ ನೋಟ. ಮಳೆ ನಿಂತು ಎಷ್ಟೋ ದಿನಗಳಾಗಿದ್ದರೂ ಕಪ್ಪು ಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ತೇವದಿಂದಲೇ ಪೈರನ್ನು ಸಾಕುತ್ತದೆ. ರೈತನಿಗೆ ಈ ದಿನಗಳಲ್ಲಿ ಅವಸರವಿಲ್ಲ. ಅವಸರಪಟ್ಟರೆ ತೆನೆ ಬೇಗ ಕಟ್ಟುವುದೂ ಇಲ್ಲ. ಧರ್ಮಸಭೆಯ ಪಂಚಾಂಗದಲ್ಲಿ ಆಗಮನ ಕಾಲವೆಂದು ಕರೆಯಲಾಗುವ ನಾಲ್ಕು ಭಾನುವಾರಗಳ ಅವಧಿಯೂ ಇಂಥದ್ದೇ. ಅದು ಹಬ್ಬವಲ್ಲ, ಹಬ್ಬಕ್ಕಾಗಿ ಕಾಯುವ ಕಾಲ.

ಆದರೆ ಕಾಯುವುದನ್ನು ನಾವು ಮರೆಯುತ್ತಿದ್ದೇವೆ. ಪೇಟೆಯಲ್ಲಿ ನಕ್ಷತ್ರದೀಪಗಳು ತೂಗಿದಂದೇ ಹಬ್ಬ ಬಂದಿತೆಂದು ತಿಳಿಯುತ್ತೇವೆ. ಬಟ್ಟೆ, ಸಿಹಿ, ಬಣ್ಣ, ಪ್ರಯಾಣಗಳ ಗಡಿಬಿಡಿಯಲ್ಲಿ ಇಪ್ಪತ್ತನಾಲ್ಕರ ರಾತ್ರಿಯ ಹೊತ್ತಿಗೆ ದಣಿದುಹೋಗಿರುತ್ತೇವೆ. ಇನ್ನು ನಮ್ಮ ಸೀಮೆಯ ಕಥೊಲಿಕ ಕುಟುಂಬಗಳಾದರೋ ಸಂಖ್ಯೆಯಲ್ಲಿ ಕಡಿಮೆ, ನೆಲೆಯಲ್ಲಿ ಚದುರಿದವು. ದುಡಿಮೆಗೆಂದು ಗೋವೆಗೋ ಮಂಗಳೂರಿಗೋ ಹೋದ ಮಗ ಹಬ್ಬದ ಹಿಂದಿನ ದಿನ ಬಂದರೆ ಬಂದ, ಇಲ್ಲವಾದರೆ ಇಲ್ಲ. ದೇವಾಲಯ ದೂರ, ಗುರುಗಳು ಬರುವುದು ವಿರಳ. ಹೀಗಿರುವಲ್ಲಿ ಕ್ರಿಸ್ತಜಯಂತಿಯ ಸಿದ್ಧತೆ ಎಲ್ಲಿ ನಡೆಯಬೇಕು, ಯಾರು ನಡೆಸಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಈ ಪ್ರಶ್ನೆಗೆ ತನ್ನ ಬದುಕಿನಿಂದಲೇ ಉತ್ತರವಿತ್ತ ಒಬ್ಬ ಗುರುವನ್ನು ಈ ವಾರ ನೆನೆಯೋಣ. ಅವರು ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿ ಬರಿಗಾಲಲ್ಲಿ ನಡೆದವರು. ಶ್ರೀಲಂಕೆಯ ಅಪೊಸ್ತಲರೆಂದು ಹೆಸರಾದವರು.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಸಷ್ಟಿ ಪ್ರಾಂತ್ಯದ ಬಾಣಾವಲಿಯಲ್ಲಿ. ಅದು ತಾಯಿ ಮರಿಯಾ ದ ಮಿರಾಂದರ ತವರೂರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು. ಆರು ಮಕ್ಕಳಲ್ಲಿ ಇವರು ಮೂರನೆಯವರು. ಬಾಣಾವಲಿಯ ಸ್ನಾನಿಕ ಯೊವಾನ್ನರ ದೇವಾಲಯದಲ್ಲಿ ಹುಟ್ಟಿದ ಎಂಟನೆಯ ದಿನ ದೀಕ್ಷಾಸ್ನಾನ ಪಡೆದ ಈ ಬಾಲಕ ಪೋರ್ಚುಗೀಸ್ ಮತ್ತು ಲತೀನ್ ಭಾಷೆಗಳನ್ನು ಕಲಿತು, ಗೋವೆಯಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ, ಬಳಿಕ ದೊಮಿನಿಕನ್ ಸಭೆಯವರ ಸಂತ ತೋಮಸ್ ಅಕ್ವೀನರ ವಿದ್ಯಾಪೀಠದಲ್ಲಿಯೂ ಓದಿದರು. ತತ್ವಶಾಸ್ತ್ರ, ದೈವಶಾಸ್ತ್ರಗಳ ವ್ಯಾಸಂಗ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಸಾಂಕ್ವಾಳದಲ್ಲಿ ಒಂದು ಲತೀನ್ ಶಾಲೆಯನ್ನು ತೆರೆದರು. ಮರುವರ್ಷ, ಅಂದರೆ 1677ರ ಆಗಸ್ಟ್ 5ರಂದು, ತಾವು ಮಾತೆ ಮರಿಯಮ್ಮನವರ ದಾಸರೆಂದು ಪತ್ರ ಬರೆದು ತಮ್ಮನ್ನು ಅರ್ಪಿಸಿಕೊಂಡರು. ಮಗುವಿಗಾಗಿ ಒಂಬತ್ತು ತಿಂಗಳು ಮೌನವಾಗಿ ಕಾದ ಆ ತಾಯಿಯ ದಾಸನಾದವನಿಗೆ ಮುಂದೆ ಎಷ್ಟೆಲ್ಲ ಕಾಯುವುದಿದೆಯೆಂಬುದು ಆಗ ತಿಳಿದಿರಲಾರದು.

1681ರಲ್ಲಿ ಅವರನ್ನು ಕೆನರಾ ಸೀಮೆಗೆ ಕಳುಹಿಸಲಾಯಿತು. ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲವದು. ಕರಾವಳಿಯ ಕ್ರೈಸ್ತರು ಗುರುಗಳ ಅಭಾವದಿಂದ ಬಳಲಿದ್ದರು. ಸಾಲದುದಕ್ಕೆ, ಈ ಸೀಮೆಯ ಮೇಲಿನ ಅಧಿಕಾರ ಗೋವೆಯ ಪದ್ರುವಾದುವಿನದೋ ಅಥವಾ ರೋಮಿನ ಪ್ರೊಪಗಾಂದ ಸಂಸ್ಥೆಯು ನೇಮಿಸಿದ ಧರ್ಮಾಧ್ಯಕ್ಷರದೋ ಎಂಬ ವ್ಯಾಜ್ಯವೂ ಇತ್ತು. ಜನರು ಎರಡು ಪಕ್ಷವಾಗಿದ್ದರು. ಜೋಸೆಫ್ ವಾಜ್ ಆ ಜಗಳದ ನಡುವೆ ಸಮಾಧಾನದಿಂದ ನಡೆದುಕೊಂಡರು. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳ ಕಡೆ ಸಂಚರಿಸಿ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆಗಳನ್ನು ತೆರೆದರು, ಭಕ್ತಸಂಘಗಳನ್ನು ಕಟ್ಟಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ, ರೋಗಿಯ ನೆಪ ಹೇಳಿ ರಾತ್ರಿ ಕರೆಸಿಕೊಂಡು ಕೊಲ್ಲಬಂದವರ ಎದುರು ಅವರು ಊರುಗೋಲನ್ನು ಬಂಡೆಯ ಮೇಲೆ ಊರಿದಾಗ ನೀರಿನ ಚಿಲುಮೆಗಳು ಹುಟ್ಟಿದವೆಂದು ಜನರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಇಂದು ಅಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ, ಹಳೆಗೋವೆಯ ಪವಾಡದ ಶಿಲುಬೆಯ ದೇವಾಲಯದಲ್ಲಿ ಒಟ್ಟಾಗಿ ಬಾಳುತ್ತಿದ್ದ ಕೆಲವು ಸ್ವದೇಶೀ ಗುರುಗಳನ್ನು ಸೇರಿ ಅವರ ಹಿರಿಯರಾದರು. ರೋಮಿನ ಸಂತ ಫಿಲಿಪ್ ನೇರಿಯವರ ಒರಟೊರಿ ಎಂಬ ಗುರುಕೂಟದ ಮಾದರಿಯಲ್ಲಿ ಈ ನೆಲದವರೇ ಕಟ್ಟಿಕೊಂಡ ಸಭೆ ಅದು. ಅಲ್ಲಿ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಶ್ರೀಲಂಕೆಯ ಸುದ್ದಿ ಅವರನ್ನು ಸುಮ್ಮನಿರಗೊಡಲಿಲ್ಲ.

ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡಿದ್ದರು. ಕಥೊಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರಿಗೆ ಆಶ್ರಯ ಕೊಟ್ಟವರಿಗೂ ಕಠಿಣ ಶಿಕ್ಷೆ ಕಾದಿತ್ತು. ದೇವಾಲಯಗಳು ಕೈತಪ್ಪಿದ್ದವು. ಸುಮಾರು ಮೂವತ್ತು ವರ್ಷ ಆ ಜನರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ. ಒಂದು ಮಗು ಹುಟ್ಟಿ ಬೆಳೆದು ತಾನೇ ತಾಯಿಯಾಗುವಷ್ಟು ದೀರ್ಘ ಕಾಲವದು. ಉಳಿದಿದ್ದುದು ಮನೆಯೊಂದೇ. ಮನೆಯೊಳಗಿನ ಜಪಸರ, ಹಿರಿಯರ ಬಾಯಿಂದ ಕಿರಿಯರ ಕಿವಿಗೆ ಇಳಿದ ಪ್ರಾರ್ಥನೆ, ಇಷ್ಟೇ ಅವರ ಧರ್ಮಸಭೆ.

1686ರಲ್ಲಿ ವಾಜ್ ಅವರು ಜಾನ್ ಎಂಬ ಸೇವಕನೊಡನೆ ಗೋವೆಯಿಂದ ಹೊರಟು, ಕೆನರಾ ಸೀಮೆಯ ಮೂಲಕ ದಕ್ಷಿಣಕ್ಕೆ ಸಾಗಿ, ತೂತ್ತುಕುಡಿಯಿಂದ ಕೂಲಿಯಾಳಿನ ವೇಷದಲ್ಲಿ ಹಡಗು ಹತ್ತಿ 1687ರಲ್ಲಿ ಜಾಫ್ನಾ ಸೇರಿದರು. ಇಳಿದ ಹೊಸತರಲ್ಲೇ ಭೇದಿ ತಗಲಿ ಸಾವಿನ ಬಾಗಿಲವರೆಗೂ ಹೋಗಿಬಂದರು. ಚೇತರಿಸಿಕೊಂಡ ಮೇಲೆ ಕಥೊಲಿಕರು ಯಾರೆಂದು ಕೇಳುವಂತಿಲ್ಲ. ಕೇಳಿದರೆ ಇಬ್ಬರ ಪ್ರಾಣಕ್ಕೂ ಅಪಾಯ. ಅದಕ್ಕಾಗಿ ಅವರು ಕೊರಳಿಗೆ ಜಪಸರ ಧರಿಸಿ ಮನೆಮನೆಯ ಬಾಗಿಲಲ್ಲಿ ಭಿಕ್ಷೆಗೆ ನಿಂತರು. ಯಾವ ಮನೆಯವರ ಕಣ್ಣು ಆ ಮಣಿಗಳ ಮೇಲೆ ನಿಲ್ಲುವುದೋ ಅದು ತಮ್ಮವರ ಮನೆಯೆಂದು ತಿಳಿಯುವುದು ಅವರ ಉಪಾಯ. ಹೀಗೆ ಒಂದೊಂದೇ ಮನೆ ತೆರೆಯಿತು. ಸಿಲ್ಲಾಲೆ ಎಂಬ ಗ್ರಾಮ ಅವರಿಗೆ ಆಸರೆಯಾಯಿತು. ಹಗಲು ಅಡಗಿದ್ದು, ರಾತ್ರಿ ಮನೆಗಳಲ್ಲಿ ಬಲಿಪೂಜೆ ಅರ್ಪಿಸುತ್ತ, ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತ ಅವರು ತಿರುಗಿದರು.

ಜಾಫ್ನಾದ ಆ ವರ್ಷಗಳಲ್ಲಿ ಒಂದು ಕ್ರಿಸ್ತಜಯಂತಿಯ ಮುನ್ನಾರಾತ್ರಿ, ಬಲಿಪೂಜೆಗೆಂದು ಜನರು ಸೇರಿದ್ದ ಮನೆಗಳ ಮೇಲೆ ಡಚ್ ಸೈನಿಕರು ಎರಗಿದರು. ವಾಜ್ ಅವರು ಕೈಗೆ ಸಿಗಲಿಲ್ಲ. ಆದರೆ ಬಹು ಜನ ಸೆರೆಯಾದರು. ಅವರಲ್ಲೊಬ್ಬರು ಹೊಡೆತ ತಾಳಲಾರದೆ ಪ್ರಾಣ ಬಿಟ್ಟರು. ಮತ್ತೆ ಕೆಲವರು ಕಠಿಣ ದುಡಿಮೆಯ ಶಿಕ್ಷೆಗೆ ಗುರಿಯಾದರು. ಗಮನಿಸಬೇಕಾದುದೇನೆಂದರೆ, ಆ ಜನರು ಅಂದು ಮಾಡಿದ ಅಪರಾಧ ಇಷ್ಟೇ: ಒಂದು ಮನೆಯ ಒಳಗೆ, ಸದ್ದಿಲ್ಲದೆ, ದೀಪ ಹಚ್ಚಿಕೊಂಡು ಕ್ರಿಸ್ತಜಯಂತಿಗಾಗಿ ಕಾದು ಕುಳಿತದ್ದು. ನಮಗೆ ಯಾರೂ ಅಡ್ಡಿಪಡಿಸದ ಈ ಸೌಭಾಗ್ಯಕ್ಕೆ ಅವರು ತೆತ್ತ ಬೆಲೆಯನ್ನು ನೆನೆದರೆ ನಮ್ಮ ಗಡಿಬಿಡಿ ನಾಚಬೇಕು.

1690ರಲ್ಲಿ ವಾಜ್ ಅವರು ಕ್ಯಾಂಡಿ ರಾಜ್ಯಕ್ಕೆ ಸೇರಿದ ಪುತ್ತಳಂಗೆ ತೆರಳಿದರು. 1692ರಲ್ಲಿ ಕ್ಯಾಂಡಿ ನಗರಕ್ಕೆ ಹೋದಾಗ, ಇವರು ಪೋರ್ಚುಗೀಸರ ಗೂಢಚಾರರೆಂದು ಒಬ್ಬ ಫ್ರೆಂಚ್ ಪ್ರೊಟೆಸ್ಟಂಟ್ ದೂರು ಹೇಳಿದ. ರಾಜ ಎರಡನೆಯ ವಿಮಲಧರ್ಮಸೂರ್ಯನ ಅಪ್ಪಣೆಯಂತೆ ಸೆರೆಯಾಯಿತು. ಮೊದಮೊದಲು ಕಾವಲು ಬಿಗಿಯಾಗಿತ್ತು. ದಿನಗಳೆದಂತೆ ಕಾವಲುಗಾರರಿಗೆ ಈ ಕೈದಿ ಪ್ರಾರ್ಥಿಸುವ ಮನುಷ್ಯನೇ ಹೊರತು ಗೂಢಚಾರನಲ್ಲವೆಂದು ಮನದಟ್ಟಾಗಿ ಬಿಗಿ ಸಡಿಲಿತು. ಸೆರೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಸೆರೆಯ ಅಂಗಳದಲ್ಲಿ ಒಂದು ಪುಟ್ಟ ಗುಡಿಸಲು ಕಟ್ಟಿ ಬಲಿಪೀಠ ಸಿದ್ಧಪಡಿಸಿಕೊಂಡರು. ಆ ವರ್ಷದ ಕ್ರಿಸ್ತಜಯಂತಿಯ ರಾತ್ರಿ ಅಲ್ಲಿಯೇ ಬಲಿಪೂಜೆ ನಡೆಯಿತು. ತಡೆಯುವವರು ತಡೆಯಲಿಲ್ಲ. ಬೆತ್ಲೆಹೇಮಿನಲ್ಲಿ ತಂಗಲು ಸ್ಥಳವಿಲ್ಲದೆ ಗೋದಲಿಯಲ್ಲಿ ಮಲಗಿದ ಪ್ರಭುವಿಗೆ ಕ್ಯಾಂಡಿಯ ಸೆರೆಯ ಗುಡಿಸಲು ಅಪರಿಚಿತವೇನೂ ಆಗಿರಲಿಕ್ಕಿಲ್ಲ. ಸುದ್ದಿ ಹರಡಿ ಕ್ಯಾಂಡಿಯ ಕಥೊಲಿಕರು ಆ ಗುಡಿಸಲಿಗೆ ಬರತೊಡಗಿದರು.

ಮುಂದೆ ರಾಜನ ಮನಸ್ಸೂ ತಿರುಗಿತು. ಬರಗಾಲದಲ್ಲಿ ಇವರ ಪ್ರಾರ್ಥನೆಗೆ ಮಳೆ ಬಂದಿತೆಂದು ನಂಬಲಾಗಿದೆ. ಆ ಬಳಿಕ ರಾಜ್ಯದಲ್ಲಿ ತಿರುಗಾಡುವ ಸ್ವಾತಂತ್ರ್ಯ ದೊರೆಯಿತು. 1697ರ ಸುಮಾರಿಗೆ ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನರು ತಮ್ಮ ರೋಗಿಗಳನ್ನೇ ಕಾಡಿನಲ್ಲಿ ಬಿಟ್ಟು ಓಡಿದಾಗ, ವಾಜ್ ಅವರು ಗೋವೆಯಿಂದ ಬಂದ ಜೊತೆಗಾರ ಗುರುವಿನೊಡನೆ ಆ ರೋಗಿಗಳ ಶುಶ್ರೂಷೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಜಾತಿ ಧರ್ಮ ಕೇಳಲಿಲ್ಲ. ಗುರುಗಳು ಎಲ್ಲ ಊರುಗಳಲ್ಲಿಯೂ ಇರಲಾರರೆಂದು ಬಲ್ಲ ಅವರು ಮೂಪ್ಪು, ಅಣ್ಣಾವಿ ಎಂಬ ಗೃಹಸ್ಥ ಮುಂದಾಳುಗಳನ್ನು ಊರೂರುಗಳಲ್ಲಿ ನಿಲ್ಲಿಸಿ, ಪ್ರಾರ್ಥನೆಯನ್ನೂ ಧರ್ಮೋಪದೇಶವನ್ನೂ ಅವರ ಕೈಗೆ ಒಪ್ಪಿಸಿದರು. 1705ರಲ್ಲಿ ಬಂದ ಗುರು ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ ಆ ಕೆಲಸಕ್ಕೆ ಬಲ ತುಂಬಿದರು. ಧರ್ಮಾಧ್ಯಕ್ಷ ಪದವಿ ತಮ್ಮನ್ನು ಅರಸಿ ಬಂದಾಗ ವಾಜ್ ಅವರು ಅದನ್ನು ವಿನಯದಿಂದ ಬೇಡವೆಂದರು. ಇಪ್ಪತ್ತನಾಲ್ಕು ವರ್ಷಗಳ ದುಡಿಮೆಯ ಬಳಿಕ, ಒಮ್ಮೆಯೂ ಹುಟ್ಟೂರಿಗೆ ಮರಳದೆ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಮುಚ್ಚಿದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಜಗದ್ಗುರು ಎರಡನೆಯ ಜಾನ್ ಪೌಲರು 1995ರ ಜನವರಿ 21ರಂದು ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಸಾರಿದರು. ಎರಡೂ ಘೋಷಣೆಗಳು ನಡೆದುದು ಕೊಲಂಬೊದಲ್ಲಿ.

ತತ್ವಶಾಸ್ತ್ರವು ಕಾಲವನ್ನು ಚಲನೆಯ ಅಳತೆಯೆಂದು ಹೇಳುತ್ತದೆ. ಆದರೆ ಸಂತ ಅಗುಸ್ತೀನರು ಕಾಲವನ್ನು ಮನಸ್ಸಿನೊಳಗೆ ಹುಡುಕಿದರು. ಅವರ ಪ್ರಕಾರ ಭವಿಷ್ಯವು ನಮ್ಮೊಳಗೆ ನಿರೀಕ್ಷೆಯ ರೂಪದಲ್ಲಿ ಇರುತ್ತದೆ. ಹಾಗಾದರೆ ಕಾಯುವ ದಿನಗಳು ಖಾಲಿ ದಿನಗಳಲ್ಲ. ನಾವು ಯಾರಿಗಾಗಿ ಕಾಯುತ್ತೇವೆಯೋ ಅವರು ಬರುವ ಮೊದಲೇ ನಮ್ಮೊಳಗೆ ಬಂದಿರುತ್ತಾರೆ. ಜಾಫ್ನಾದ ಕುಟುಂಬಗಳು ಮೂವತ್ತು ವರ್ಷ ಕಾದದ್ದು ವ್ಯರ್ಥವಾಗಲಿಲ್ಲ. ಅವರು ಮನೆಯಲ್ಲಿ ಜಪಸರವನ್ನು ಕೈಬಿಟ್ಟಿದ್ದರೆ, ಕೊರಳಲ್ಲಿ ಜಪಸರ ಧರಿಸಿ ಬಾಗಿಲಿಗೆ ಬಂದ ಭಿಕ್ಷುಕನನ್ನು ಗುರುತಿಸುವವರೇ ಇರುತ್ತಿರಲಿಲ್ಲ. ಗುರು ಬಂದುದರಿಂದ ಮನೆಯ ವಿಶ್ವಾಸ ಉಳಿಯಿತೆಂಬುದು ಅರ್ಧಸತ್ಯ. ಮನೆಯಲ್ಲಿ ವಿಶ್ವಾಸ ಉಳಿದಿದ್ದುದರಿಂದ ಗುರುವಿಗೆ ಬಾಗಿಲು ತೆರೆಯಿತೆಂಬುದು ಉಳಿದರ್ಧ.

ಆದುದರಿಂದ ರೋಣ, ನರಗುಂದ, ಗಜೇಂದ್ರಗಡಗಳ ನಮ್ಮ ಕುಟುಂಬಗಳು ದೇವಾಲಯ ದೂರವೆಂದು ಕೊರಗಬೇಕಾಗಿಲ್ಲ. ಆಗಮನ ಕಾಲದ ಮೊದಲ ಭಾನುವಾರ ಒಂದು ಮೇಣದ ಬತ್ತಿ, ಎರಡನೆಯ ಭಾನುವಾರ ಎರಡು, ಹೀಗೆ ಹಚ್ಚುತ್ತ ಹೋಗಿರಿ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೇಚೊ ಗ್ರಾಮದಲ್ಲಿ ಗೋದಲಿಯ ದೃಶ್ಯವನ್ನು ಏರ್ಪಡಿಸಿದಾಗ ಸುಮಾರು ಹದಿನೈದು ದಿನ ಮೊದಲೇ ಸಿದ್ಧತೆಗೆ ಹೇಳಿದ್ದರಂತೆ. ನೀವೂ ಗೋದಲಿಯನ್ನು ಒಂದೇ ರಾತ್ರಿ ಕಟ್ಟಿ ಮುಗಿಸಬೇಡಿರಿ. ಒಂದು ವಾರ ಕೊಟ್ಟಿಗೆ, ಮತ್ತೊಂದು ವಾರ ದನಕರುಗಳು, ಆಮೇಲೆ ಕುರುಬರು. ಬಾಲಯೇಸುವಿನ ಸ್ಥಳ ಮಾತ್ರ ಇಪ್ಪತ್ತನಾಲ್ಕರ ರಾತ್ರಿಯವರೆಗೂ ಬರಿದಾಗಿರಲಿ. ಆ ಬರಿದಾದ ಜಾಗವನ್ನು ನೋಡಿ ಮಕ್ಕಳು ಕೇಳುವ ಪ್ರಶ್ನೆಗೆ ತಂದೆತಾಯಿಗಳು ಕೊಡುವ ಉತ್ತರವೇ ಅವರಿಗೆ ಮೊದಲ ಧರ್ಮೋಪದೇಶ. ಒಂದು ತಟ್ಟೆಯ ಎರೆಮಣ್ಣಿನಲ್ಲಿ ಹಿಡಿ ಜೋಳ ಬಿತ್ತಿ ನೀರು ಚಿಮುಕಿಸಲಿ. ಹಬ್ಬದ ಹೊತ್ತಿಗೆ ಅದರ ಹಸಿರು ಗೋದಲಿಗೆ ಹುಲ್ಲಾಗುತ್ತದೆ. ಕರಚಿಕಾಯಿ ಮಡಚುವ ಸಂಜೆ ಅಜ್ಜಿ ಹಳೆಯ ಹಬ್ಬಗಳ ಕಥೆ ಹೇಳಲಿ. ಟೆಲಿವಿಷನ್ನಿನ ಸದ್ದನ್ನೂ ಮೊಬೈಲನ್ನೂ ಅರ್ಧ ಗಂಟೆ ಬದಿಗಿಟ್ಟು ಎಲ್ಲರೂ ಕೂಡಿ ಜಪಸರ ಹೇಳಿರಿ. ದೂರದ ಊರಿನಲ್ಲಿ ದುಡಿಯುತ್ತಿರುವ ಮಗನ ಹೆಸರನ್ನು ಆ ಪ್ರಾರ್ಥನೆಯಲ್ಲಿ ಮರೆಯದಿರಿ. ಅವನೂ ಅದೇ ಹೊತ್ತಿಗೆ ತನ್ನ ಬಾಡಿಗೆ ಕೋಣೆಯಲ್ಲಿ ಜಪಸರ ಹಿಡಿದರೆ, ಮನೆ ಎರಡಾಗಿ ಉಳಿಯುವುದಿಲ್ಲ.

ಇದಕ್ಕೆ ಹಣ ಬೇಡ, ಆಡಂಬರ ಬೇಡ. ಒಂದಿಷ್ಟು ಸಮಯ ಬೇಕು, ಅಷ್ಟೆ. ಸೆರೆಯ ಅಂಗಳದಲ್ಲಿ ಗುಡಿಸಲು ಕಟ್ಟಿ ಪ್ರಭುವಿಗಾಗಿ ಕಾದ ಸಂತ ಜೋಸೆಫ್ ವಾಜ್‌ರು ನಮ್ಮ ಮನೆಗಳಿಗೆ ಆ ಶಾಂತವಾದ ನಿರೀಕ್ಷೆಯನ್ನು ಬೇಡಿಕೊಡಲಿ. ಕಪ್ಪು ಮಣ್ಣು ತೇವವನ್ನು ಕಾಪಾಡುವಂತೆ ನಮ್ಮ ಕುಟುಂಬಗಳು ವಿಶ್ವಾಸವನ್ನು ಕಾಪಾಡಲಿ.